ಕಾಲು ಬಾಗುತ್ತೆ, ಕಿಕ್ ಏಳಲ್ಲ: ಟೇಕ್ವಾಂಡೋ ಕಲಿಯುವ ಒಬ್ಬ ಟೀಚರ್ ಪ್ರಕರಣ

ಮೈಸೂರಿನ ನಮ್ಮ ಟೇಕ್ವಾಂಡೋ ಕ್ಲಾಸಿಗೆ ಬರುವ ಒಬ್ಬರ ಬಗ್ಗೆ ಬರೆಯುತ್ತಿದ್ದೇನೆ. ವಯಸ್ಸು 29, ಹೈಸ್ಕೂಲಿನಲ್ಲಿ ಗಣಿತದ ಟೀಚರ್, ನೀಲಿ ಬೆಲ್ಟ್. ಅವರನ್ನು ಕೇಳಿಯೇ ಬರೆಯುತ್ತಿರೋದು, ಹೆಸರು ಮಾತ್ರ ಬೇಡ ಅಂದಿದ್ದಾರೆ. ಕ್ಲಾಸಿನ ಮಕ್ಕಳೆಲ್ಲ ಅವರನ್ನು ಮಿಸ್ ಅಂತಲೇ ಕರೆಯುತ್ತಾರೆ, ಇಲ್ಲೂ ಹಾಗೇ ಇರಲಿ.

ಮಿಸ್ ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತವರು. ಜೂನಿಯರ್ ಪರೀಕ್ಷೆ ಮುಗಿಸಿ, ಆಮೇಲೆ ಓದು, ಬಿಎಡ್, ಕೆಲಸ ಅಂತ ನೃತ್ಯ ಬಿಟ್ಟುಹೋಯಿತು. ಆದರೆ ಮೈ ಮಾತ್ರ ಬಿಟ್ಟಿಲ್ಲ. ನೆಲದ ಮೇಲೆ ಎರಡೂ ಕಾಲು ಅಗಲಿಸಿ ಕೂತು ಮುಂದಕ್ಕೆ ಬಾಗಿದರೆ ಎರಡೂ ಮೊಣಕೈ ಆರಾಮಾಗಿ ನೆಲಕ್ಕೆ ತಾಗುತ್ತೆ. ಕ್ಲಾಸಿನಲ್ಲಿ ಅಷ್ಟು ಬಾಗುವವರು ಇನ್ನೊಬ್ಬರಿಲ್ಲ.

ಹಾಗಿದ್ದೂ ಅವರ ಡೋಲ್ಯೊ ಚಾಗಿ, ಅಂದರೆ ಪಕ್ಕದಿಂದ ತಿರುಗಿಸಿ ಒದೆಯುವ ಕಿಕ್, ಸೊಂಟದ ಮಟ್ಟ ದಾಟುತ್ತಿರಲಿಲ್ಲ. ಯೋಪ್ ಚಾಗಿ, ಅಂದರೆ ನೇರ ಪಕ್ಕಕ್ಕೆ ಚಾಚಿ ಒದೆಯುವ ಕಿಕ್, ಇನ್ನೂ ಕೆಳಗೆ. ಅವರ ಪಕ್ಕದ ಸಾಲಿನಲ್ಲೇ ನಿಲ್ಲುವ ಒಬ್ಬ ಪಿಯುಸಿ ಹುಡುಗನಿಗೆ ಬಗ್ಗಿ ಕಾಲ್ಬೆರಳು ಮುಟ್ಟೋದೇ ಕಷ್ಟ, ಆದರೆ ಅವನು ಎದುರಿನವರ ತಲೆ ಎತ್ತರಕ್ಕೆ ಸಲೀಸಾಗಿ ಒದೆಯುತ್ತಾನೆ. ಮಿಸ್‌ಗೆ ಇದೇ ಅರ್ಥ ಆಗುತ್ತಿರಲಿಲ್ಲ. ಸ್ಪಾರಿಂಗ್‌ನಲ್ಲಿ, ಅಂದರೆ ಇಬ್ಬರು ಎದುರುಬದುರು ನಿಂತು ಆಡುವಾಗ, ಇದರ ಬೆಲೆ ಚೆನ್ನಾಗಿಯೇ ಗೊತ್ತಾಗುತ್ತೆ. ಈಗಿನ ನಿಯಮದಲ್ಲಿ ಎದೆಕವಚಕ್ಕೆ ಒದ್ದರೆ 2 ಅಂಕ, ತಲೆಗೆ ಒದ್ದರೆ 3, ಅದೇ ಮೈ ತಿರುಗಿಸಿ ತಲೆಗೆ ಒದ್ದರೆ 5. ಕಾಲು ಮೇಲೆ ಬರಲ್ಲ ಅಂತ ಎದುರಾಳಿಗೆ ಒಮ್ಮೆ ಗೊತ್ತಾಯ್ತು ಅಂದರೆ ಮುಗೀತು, ಅವರು ತಲೆ ಕಾಯೋದನ್ನೇ ಬಿಟ್ಟು ಕೈ ಎರಡನ್ನೂ ಕೆಳಗಿಟ್ಟು ಆಡುತ್ತಾರೆ.

ಎಲ್ಲರೂ ಅವರಿಗೆ ಹೇಳಿದ್ದು ಒಂದೇ ಮಾತು: ಇನ್ನೂ ಸ್ಟ್ರೆಚ್ ಮಾಡಿ. ಅವರು ಮಾಡಿದರು. ರಾತ್ರಿ ಮಲಗುವ ಮುಂಚೆ ಗೋಡೆಗೆ ಕಾಲು ಅಗಲಿಸಿ ಹಾಕಿ ಮಲಗೋದು, ಬೆಳಿಗ್ಗೆ ಹನುಮಾನಾಸನ (ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಪೂರ್ತಿ ಚಾಚಿ ಕೂರೋದು), ಸ್ಪಾರಿಂಗ್‌ಗೆ ಮುಂಚೆ ಕಟ್ಟೆ ಮೇಲೆ ಕಾಲಿಟ್ಟು ನಿಮಿಷಗಟ್ಟಲೆ ಬಾಗೋದು. ಹೀಗೆ ತಿಂಗಳುಗಟ್ಟಲೆ. ಬಾಗುವಿಕೆ ಸ್ವಲ್ಪ ಜಾಸ್ತಿ ಆಯ್ತು, ಕಿಕ್ ಒಂದಿಂಚೂ ಏಳಲಿಲ್ಲ. ಬದಲಿಗೆ ಎಡಗಾಲಿನ ಹಿಂದೆ, ಕೂತಾಗ ನೆಲಕ್ಕೆ ಒತ್ತುವ ಮೂಳೆ ಇದೆಯಲ್ಲ, ಅಲ್ಲಿ ನೋವು ಶುರುವಾಯಿತು. ಸ್ಟಾಫ್ ರೂಮಿನ ಮರದ ಬೆಂಚಿನಲ್ಲಿ ಅರ್ಧ ಗಂಟೆ ಕೂತರೆ ನೋವು, ಸ್ಕೂಟರ್ ಮೇಲೆ ರಿಂಗ್ ರೋಡ್ ಸುತ್ತಿ ಬಂದರೆ ನೋವು. 'ಹ್ಯಾಮ್‌ಸ್ಟ್ರಿಂಗ್ ಟೈಟ್ ಆಗಿದೆ ಸರ್, ಇನ್ನೂ ಎಳೀಬೇಕು' ಅಂದರು. ಹ್ಯಾಮ್‌ಸ್ಟ್ರಿಂಗ್ ಅಂದರೆ ತೊಡೆ ಹಿಂದಿನ ಸ್ನಾಯುಗಳು. ಅಷ್ಟು ಹೊತ್ತಿಗೆ ನಾನು ಅವರನ್ನು ಕೂರಿಸಿ, ಮೊದಲು ಅಳತೆ ಮಾಡೋಣ, ಅಲ್ಲೀವರೆಗೆ ಎಳೆಯೋದು ಬಂದ್ ಅಂದೆ.

ಅಳತೆಗೆ ದೊಡ್ಡ ಸಾಮಾನು ಏನೂ ಬೇಕಿಲ್ಲ. ಫೋನಿನಲ್ಲಿ ಕೋನ ಅಳೆಯುವ ಒಂದು ಆಪ್ ಇದ್ದರೆ ಸಾಕು, ಜೊತೆಗೆ ಪಕ್ಕದಿಂದ ವಿಡಿಯೋ.

ಮೊದಲು ಬೆನ್ನ ಮೇಲೆ ಮಲಗಿಸಿ, ಒಂದು ಕಾಲನ್ನು ನೆಲಕ್ಕೆ ಒತ್ತಿ ಹಿಡಿದು, ಇನ್ನೊಂದನ್ನು ಮಂಡಿ ಮಡಚದೆ ನಾನೇ ಎತ್ತಿದೆ. ಬಲಗಾಲು ಸುಮಾರು 110 ಡಿಗ್ರಿ, ಎಡಗಾಲು 105. ಸಾಮಾನ್ಯವಾಗಿ ದೊಡ್ಡವರಲ್ಲಿ 80ರಿಂದ 90 ಸಿಕ್ಕರೆ ಚೆನ್ನಾಗಿದೆ ಅಂತೀವಿ. ಆಮೇಲೆ ಅದೇ ಕಾಲನ್ನು ಅವರೇ ಎತ್ತಲಿ ಅಂದೆ. ಬಲಗಾಲು 70ಕ್ಕೆ ನಿಂತಿತು, ಎಡಗಾಲು 65. ಬೇರೆಯವರು ಎತ್ತಿದಾಗ ಸಿಗುವ ಎತ್ತರಕ್ಕೂ ತಾವೇ ಎತ್ತಿದಾಗ ಸಿಗುವ ಎತ್ತರಕ್ಕೂ ಎಲ್ಲರಲ್ಲೂ ಸ್ವಲ್ಪ ಅಂತರ ಇದ್ದೇ ಇರುತ್ತೆ. ಆದರೆ 40 ಡಿಗ್ರಿ ಅನ್ನೋದು ತುಂಬಾ ಜಾಸ್ತಿ.

ಇನ್ನೊಂದು ಪರೀಕ್ಷೆ ಇದೆ, ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು. ಕಿಟಕಿಯ ಸರಳು ಹಿಡಿದು ನಿಂತುಕೊಳ್ಳಬೇಕು, ಇನ್ನೊಬ್ಬರು ಕಾಲನ್ನು ಪಕ್ಕಕ್ಕೆ ಎದೆಮಟ್ಟಕ್ಕೆ ಎತ್ತಿ ಹಿಡಿದು ಮೆಲ್ಲಗೆ ಕೈ ಬಿಡಬೇಕು. ಮಿಸ್ ಕಾಲನ್ನು ನಾವು ಎದೆಮಟ್ಟಕ್ಕೆ ತಂದಾಗ ಅವರಿಗೆ ಒಂಚೂರೂ ಎಳೆತ ಇರಲಿಲ್ಲ, ನಗುತ್ತಾ ಮಾತಾಡುತ್ತಿದ್ದರು. ಕೈ ಸಡಿಲ ಮಾಡುತ್ತಿದ್ದ ಹಾಗೆ 'ಬಿಡಬೇಡಿ ಬಿಡಬೇಡಿ, ಬಿದ್ದೋಗುತ್ತೆ' ಅಂದರು. ಬಿಟ್ಟೆವು. ಕಾಲು ನೇರ ಮಂಡಿ ಮಟ್ಟಕ್ಕೆ ಬಂತು, ಮಧ್ಯೆ ಎಲ್ಲೂ ನಿಲ್ಲಲಿಲ್ಲ, ಜೊತೆಗೆ ತೊಡೆ ಮೇಲ್ಭಾಗದಲ್ಲಿ, ಸೊಂಟ ಮಡಚುವ ಜಾಗದಲ್ಲಿ, ಸೆಳೆತ ಹಿಡಿದುಕೊಂಡಿತು. ಆ ಸೆಳೆತವನ್ನೇ ಅವರು ಇಷ್ಟು ದಿನ 'ಟೈಟ್' ಅಂದುಕೊಂಡು ಎಳೆಯುತ್ತಾ ಬಂದಿದ್ದರು.

ಅದು ಬಿಗಿತ ಅಲ್ಲ. ಕಾಲನ್ನು ಮೇಲೆ ಎತ್ತುವ ಸ್ನಾಯುಗಳು, ಅಂದರೆ ಸೊಂಟದ ಒಳಗಿನ ಇಲಿಯೊಸೋಆಸ್, ತೊಡೆ ಮುಂದಿನ ರೆಕ್ಟಸ್ ಫೆಮೊರಿಸ್, ಪಕ್ಕದ ಗ್ಲೂಟಿಯಸ್ ಮೀಡಿಯಸ್, ಇವೆಲ್ಲ ಕಾಲು ಮೇಲಕ್ಕೆ ಹೋದಷ್ಟೂ ಗಿಡ್ಡ ಆಗುತ್ತಾ ಹೋಗುತ್ತವೆ. ಪೂರ್ತಿ ಗಿಡ್ಡವಾದ ಸ್ನಾಯುವಿಗೆ ಬಲ ಕಡಿಮೆ. ಅದರಲ್ಲೂ ರೆಕ್ಟಸ್ ಫೆಮೊರಿಸ್ ಸೊಂಟ ಮತ್ತು ಮಂಡಿ ಎರಡನ್ನೂ ದಾಟಿ ಹೋಗುವ ಸ್ನಾಯು. ಮಂಡಿ ನೇರ ಇಟ್ಟು ಕಾಲು ಎತ್ತಿದಾಗ ಎರಡೂ ಕಡೆಯಿಂದ ಗಿಡ್ಡ ಆಗುತ್ತೆ. ಆ ಸ್ಥಿತಿಯಲ್ಲಿ ಕೆಲಸ ಮಾಡಿ ಅಭ್ಯಾಸ ಇಲ್ಲದಿದ್ದರೆ ಹಾಗೇ ಸೆಳೆತ ಹಿಡಿಯುತ್ತೆ. ರಾತ್ರಿ ಗೋಡೆಗೆ ಕಾಲು ಹಾಕಿ ಮಲಗಿದಾಗ ಈ ಯಾವ ಸ್ನಾಯುವಿಗೂ ಕೆಲಸ ಇಲ್ಲ, ಭೂಮಿಯ ಸೆಳೆತವೇ ಎಲ್ಲ ಮಾಡಿಬಿಡುತ್ತೆ. ಪಿಯುಸಿ ಹುಡುಗನ ಗುಟ್ಟೂ ಇಷ್ಟೇ. ಅವನನ್ನೂ ಮಲಗಿಸಿ ಅಳೆದೆ. ನಾನು ಎತ್ತಿದರೆ 90, ಅವನೇ ಎತ್ತಿದರೆ 80ರ ಮೇಲೆ. ಅವನ ಹತ್ತಿರ ಇರೋದು ಕಡಿಮೆ, ಆದರೆ ಇರುವುದೆಲ್ಲ ಕೈಗೆ ಸಿಗುತ್ತೆ.

ಮೂರನೇ ಅಳತೆ ತಿರುಗುವಿಕೆ. ಬೋರಲು ಮಲಗಿಸಿ ಮಂಡಿಯನ್ನು 90 ಡಿಗ್ರಿ ಮಡಚಿ ಪಾದವನ್ನು ಹೊರಗೆ ಬೀಳಿಸಿದರೆ ತೊಡೆ ಸೊಂಟದ ಕೀಲಿನಲ್ಲಿ ಒಳಕ್ಕೆ ತಿರುಗುತ್ತೆ. ಮಿಸ್‌ಗೆ ಬಲಗಡೆ 30ರ ಹತ್ತಿರ ಬಂತು, ಎಡಗಡೆ ಬರೀ 15. ಹೊರಕ್ಕೆ ತಿರುಗಿಸಿದರೆ ಎರಡೂ ಕಡೆ ಧಾರಾಳವಾಗಿ 60. ವರ್ಷಗಟ್ಟಲೆ ಅರಮಂಡಿಯಲ್ಲಿ ತೊಡೆ ಹೊರಕ್ಕೆ ತಿರುಗಿಸಿ ಅಡವು ಮಾಡಿದ ಮೈ ಅದು. ನೃತ್ಯಕ್ಕೆ ಅದೇ ಬೇಕು. ಆದರೆ ಡೋಲ್ಯೊ ಚಾಗಿಯಲ್ಲಿ ಮಂಡಿ ಪಕ್ಕಕ್ಕೆ ಮಲಗಿ, ಪಾದದ ಮೇಲ್ಭಾಗ ಗುರಿಗೆ ಬಡಿಯಬೇಕಾದರೆ ತೊಡೆ ಸ್ವಲ್ಪ ಒಳಕ್ಕೆ ತಿರುಗಲೇಬೇಕು. ಅವರ ಎಡ ಕಿಕ್ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಹೋಗುತ್ತಿದ್ದದ್ದು ಇದಕ್ಕೇ.

ಕೊನೆಯದು ಅಳತೆಯೇ ಅಲ್ಲ, ಬರೀ ಕಣ್ಣಿಗೆ ಕಾಣುವ ವಿಷಯ. ನಿಂತ ಕಾಲಿನ ಹಿಮ್ಮಡಿ. ಮ್ಯಾಟ್ ಮೇಲೆ ಸೀಮೆಸುಣ್ಣದಲ್ಲಿ ಗುರಿಯ ಕಡೆಗೆ ಒಂದು ಗೆರೆ ಎಳೆದು ಒದೆಯಲು ಹೇಳಿದೆ. ಕಿಕ್ ತಾಗುವ ಹೊತ್ತಿಗೆ ನಿಂತ ಕಾಲಿನ ಹಿಮ್ಮಡಿ ಗುರಿಯ ಕಡೆ ನೋಡುತ್ತಿರಬೇಕು. ಮಿಸ್ ಹಿಮ್ಮಡಿ ಅರ್ಧ ತಿರುಗಿ ನಿಂತುಬಿಡುತ್ತಿತ್ತು. ಕಿಕ್ ಏಳದಿರುವುದಕ್ಕೂ ಹಿಮ್ಮಡಿಗೂ ಏನು ಸಂಬಂಧ ಅಂತ ಕೇಳುವವರು ಒಂದು ಕೆಲಸ ಮಾಡಿ. ಎದ್ದು ನಿಂತು, ಕಾಲ್ಬೆರಳು ಮುಂದಕ್ಕೆ ಇಟ್ಟು, ಸೊಂಟ ಅಲ್ಲಾಡಿಸದೆ ಒಂದು ಕಾಲನ್ನು ನೇರ ಪಕ್ಕಕ್ಕೆ ಎತ್ತಿ. ಸುಮಾರು 45 ಡಿಗ್ರಿಗೆ ಏನೋ ಅಡ್ಡ ಬಂದ ಹಾಗೆ ನಿಂತುಬಿಡುತ್ತೆ. ತೊಡೆಮೂಳೆಯ ಮೇಲ್ಭಾಗದಲ್ಲಿ ಹೊರಗಡೆ ಒಂದು ಉಬ್ಬು ಇದೆ, ಕೈಯಿಂದ ಮುಟ್ಟಿದರೂ ಸಿಗುತ್ತೆ, ಆ ಭಾಗ ಸೊಂಟದ ಮೂಳೆ ಕಡೆಗೆ ಒತ್ತಿಕೊಂಡು ಹೋಗುತ್ತೆ. ಈಗ ಸೊಂಟವನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಹಿಂಭಾಗ ಹಿಂದಕ್ಕೆ ಹಾಕಿ, ನಿಂತ ಕಾಲಿನ ಪಾದ ತಿರುಗಿಸಿ ಮತ್ತೆ ಎತ್ತಿ ನೋಡಿ. ಕಾಲು ಮೇಲಕ್ಕೆ ಹೋಗುತ್ತೆ. ಸ್ನಾಯು ಒಂದು ಕೂದಲೆಳೆಯಷ್ಟೂ ಉದ್ದ ಆಗಿಲ್ಲ, ಮೂಳೆಗೆ ದಾರಿ ಸಿಕ್ಕಿದೆ, ಅಷ್ಟೇ. ಪಾದ ತಿರುಗದಿದ್ದರೆ ಸೊಂಟ ತಿರುಗಲ್ಲ, ಸೊಂಟ ತಿರುಗದಿದ್ದರೆ ಜಗತ್ತಿನ ಎಲ್ಲ ಸ್ಟ್ರೆಚ್ ಮಾಡಿದರೂ ಪಕ್ಕದ ಕಿಕ್ ಮೇಲೆ ಹೋಗಲ್ಲ.

ಎಡಗಾಲಿನ ಹಿಂದೆ ಇದ್ದ ನೋವಿಗೆ ಮಾತ್ರ ನಾನು ಕೈ ಹಾಕಲಿಲ್ಲ. ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದೆ. ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ಕೂರುವ ಮೂಳೆಗೆ ಅಂಟಿಕೊಳ್ಳುವ ಜಾಗದಲ್ಲಿ ಸ್ನಾಯುರಜ್ಜು ಕೆರಳಿದೆ ಅಂದರು. ಓಟಗಾರರಲ್ಲಿ, ನೃತ್ಯ ಮಾಡುವವರಲ್ಲಿ, ಯೋಗದಲ್ಲಿ ಅತಿಯಾಗಿ ಮುಂದಕ್ಕೆ ಬಾಗುವವರಲ್ಲಿ ಇದು ಕಾಣಿಸಿಕೊಳ್ಳುತ್ತೆ. ಎಳೆದಷ್ಟೂ ಆ ರಜ್ಜು ಮೂಳೆಗೆ ಒತ್ತಿಕೊಂಡು ಇನ್ನೂ ಕೆರಳುತ್ತೆ. ಅದಕ್ಕೆ ಬೇಕಿರೋದು ನಿಧಾನವಾಗಿ ಏರುವ ಭಾರ. ಅಂದರೆ ಕಿಕ್‌ಗೆ ಬೇಕಾದದ್ದೂ ನೋವಿಗೆ ಬೇಕಾದದ್ದೂ ಒಂದೇ ದಿಕ್ಕಿನಲ್ಲಿತ್ತು, ನಮ್ಮ ಕೆಲಸ ಸುಲಭ ಆಯಿತು.

ಯೋಜನೆ ಹೀಗಿತ್ತು. ಹನುಮಾನಾಸನ, ಗೋಡೆಗೆ ಕಾಲು ಹಾಕೋದು, ಕಟ್ಟೆ ಮೇಲೆ ಬಾಗೋದು ಎಲ್ಲ ಬಂದ್. ಇದನ್ನು ಒಪ್ಪಿಸೋದೇ ದೊಡ್ಡ ಕಷ್ಟ ಆಯ್ತು. ಅಷ್ಟು ವರ್ಷ ಕಾಪಾಡಿಕೊಂಡ ಬಾಗುವಿಕೆ ಹೋಗಿಬಿಟ್ಟರೆ ಅನ್ನೋ ಭಯ ಅವರಿಗೆ. ನೋಡೋಣ, ತಿಂಗಳಿಗೊಮ್ಮೆ ಅಳೆಯೋಣ, ಕಡಿಮೆ ಆದರೆ ಮತ್ತೆ ಶುರು ಮಾಡಿ ಅಂದೆ. ವಾರಕ್ಕೆ ಮೂರು ದಿನ ಬಲದ ಅಭ್ಯಾಸ, ಮಧ್ಯೆ ಒಂದೊಂದು ದಿನ ಬಿಡುವು.

ಮುಖ್ಯವಾದದ್ದು ಲೋಟದ ಅಭ್ಯಾಸ. ಅದು ನಮ್ಮ ಕ್ಲಾಸಿನಲ್ಲಿ ಹಾಗೇ ಹೆಸರಾಗಿದೆ. ಎರಡೂ ಕಾಲು ಮುಂದೆ ಚಾಚಿ ನೆಲದ ಮೇಲೆ ಕೂರಬೇಕು, ಬೆನ್ನು ನೇರ, ಎರಡೂ ಅಂಗೈ ತೊಡೆಯ ಆಚೀಚೆ ನೆಲದ ಮೇಲೆ. ಹಿಮ್ಮಡಿಯ ಪಕ್ಕ ಒಂದು ಸ್ಟೀಲ್ ಲೋಟ. ಮಂಡಿ ಮಡಚದೆ ಹಿಮ್ಮಡಿಯನ್ನು ಎತ್ತಿ ಲೋಟದ ಮೇಲೆ ದಾಟಿಸಿ ಆ ಕಡೆ ಇಡಬೇಕು, ಮತ್ತೆ ಈ ಕಡೆ. ಕೈಯನ್ನು ಹಿಂದಕ್ಕೆ ಊರಿ ಒರಗಿದರೆ ಸುಲಭ, ಮಂಡಿಯ ಹತ್ತಿರಕ್ಕೆ ತಂದಷ್ಟೂ ಕಷ್ಟ. ನೋಡೋಕೆ ಏನೂ ಇಲ್ಲ ಅನ್ನಿಸುತ್ತೆ. ಮಿಸ್ ಮೊದಲ ದಿನ ಮೂರನೇ ಸಲಕ್ಕೇ ತೊಡೆ ಹಿಡಿದುಕೊಂಡು ಮಲಗಿಬಿಟ್ಟರು, ಲೋಟ ಉರುಳಿ ಹೋಗಿ ಬಾಗಿಲಿಗೆ ಬಡಿಯಿತು. ಒಂದು ಕಾಲಿಗೆ 6ರಿಂದ 8 ಸಲ, ಅಂಥ ಮೂರು ಸುತ್ತು, ಸೆಳೆತ ಬಂದರೆ ನಿಲ್ಲಿಸಿ ಮಂಡಿ ಮಡಚಿ ಅಲ್ಲಾಡಿಸಿ ಮತ್ತೆ ಮುಂದುವರಿಸೋದು. ಲೋಟ ಸಲೀಸಾದ ಮೇಲೆ ಚೊಂಬು, ಅದಾದ ಮೇಲೆ ನೀರಿನ ಬಾಟಲಿ. ಆಮೇಲೆ ಇದನ್ನೇ ಕಾಲು ಅಗಲಿಸಿ ಕೂತು ಮಾಡೋದು.

ಪಕ್ಕದ ಕಿಕ್‌ಗೆ ಬೇರೆ. ಕಿಟಕಿ ಸರಳು ಹಿಡಿದು, ನಿಂತ ಕಾಲಿನ ಹಿಮ್ಮಡಿ ಪೂರ್ತಿ ತಿರುಗಿಸಿ ಇಟ್ಟು, ಮೊದಲು ಮಡಚಿದ ಮಂಡಿಯನ್ನು ಮೇಲಕ್ಕೆ, ಆಮೇಲೆ ನಾಲ್ಕು ಎಣಿಸುತ್ತಾ ನಿಧಾನವಾಗಿ ಕಾಲು ಚಾಚೋದು, ಮೂರು ಎಣಿಸುವವರೆಗೆ ಅಲ್ಲೇ ಹಿಡಿಯೋದು, ಅಷ್ಟೇ ನಿಧಾನವಾಗಿ ಮಡಚೋದು. ಕಾಲು ಎಷ್ಟೇ ಕೆಳಗಿರಲಿ ಪರವಾಗಿಲ್ಲ, ಮಂಡಿ ಕೆಳಗೆ ಇಳಿಯಬಾರದು. ಒಂದು ಕಡೆಗೆ 5 ಸಲ ಸಾಕು. ವೇಗವಾಗಿ ಒದ್ದರೆ ಕಾಲು ಬೀಸಿನಲ್ಲಿ ಮೇಲೆ ಹೋಗುತ್ತೆ, ಎಲ್ಲಿ ಬಲ ಇಲ್ಲ ಅನ್ನೋದು ಗೊತ್ತಾಗಲ್ಲ. ನಿಧಾನವಾಗಿ ಚಾಚಿದರೆ ಎಲ್ಲ ಬಯಲಾಗುತ್ತೆ.

ಹ್ಯಾಮ್‌ಸ್ಟ್ರಿಂಗ್‌ಗೆ ಫಿಸಿಯೋ ಹೇಳಿದ ಕ್ರಮದಲ್ಲೇ ಹೋದೆವು. ಮೊದಲ ವಾರಗಳಲ್ಲಿ ಮಲಗಿ, ಮಂಡಿ ಮಡಚಿ, ಹಿಮ್ಮಡಿ ಒತ್ತಿ ಸೊಂಟ ಎತ್ತಿ ಅರ್ಧ ನಿಮಿಷ ಹಿಡಿಯೋದು ಮಾತ್ರ. ನೋವು ಮಾರನೇ ದಿನ ಹೆಚ್ಚಾಗಿಲ್ಲ ಅಂತ ಖಾತ್ರಿ ಆದ ಮೇಲೆ 5 ಕೆಜಿ ಅಕ್ಕಿ ಚೀಲ ತಬ್ಬಿ ಹಿಡಿದು ಸೊಂಟದಿಂದ ಬಾಗಿ ಏಳೋದು, ಆಮೇಲೆ 10 ಕೆಜಿ, ಕೊನೆಗೆ ಜಿಮ್ಮಿನ ರಾಡ್. ಒಳಕ್ಕೆ ತಿರುಗುವುದಕ್ಕೆ ನೆಲದ ಮೇಲೆ ಎರಡೂ ಮಂಡಿಯನ್ನು 90 ಡಿಗ್ರಿ ಮಡಚಿ ಒಂದೇ ಕಡೆಗೆ ಮಲಗಿಸಿ ಕೂತು, ಹಿಂದಿನ ಕಾಲಿನ ಪಾದವನ್ನು ನೆಲದಿಂದ ಎತ್ತೋದು. ಎಡಗಾಲಿನ ಪಾದ ಮೊದಮೊದಲು ಏಳಲೇ ಇಲ್ಲ.

ಕ್ಲಾಸಿಗೆ ಮುಂಚಿನ ವಾರ್ಮಪ್ ಕೂಡ ಬದಲಾಯಿತು. ಮೈ ಬಿಸಿ ಆಗುವವರೆಗೆ ಸ್ಕಿಪ್ಪಿಂಗ್, ಆಮೇಲೆ ಕಾಲನ್ನು ಮುಂದಕ್ಕೆ, ಪಕ್ಕಕ್ಕೆ, ಹಿಂದಕ್ಕೆ ಬೀಸೋದು, 10–12 ಸಲ, ಮಂಡಿ ಎತ್ತರದಿಂದ ಶುರು ಮಾಡಿ ಪ್ರತಿ ಸುತ್ತಿಗೂ ಸ್ವಲ್ಪ ಮೇಲಕ್ಕೆ. ಒಂದೇ ಭಂಗಿಯಲ್ಲಿ ನಿಮಿಷಕ್ಕಿಂತ ಜಾಸ್ತಿ ಎಳೆದು ಹಿಡಿದು, ತಕ್ಷಣ ಜೋರಾಗಿ ಒದೆಯಲು ಹೋದರೆ ಸ್ನಾಯುವಿನ ಬಲ ಸ್ವಲ್ಪ ಕುಗ್ಗುತ್ತೆ. ಅದೆಲ್ಲ ಕ್ಲಾಸ್ ಮುಗಿದ ಮೇಲೆ ಇರಲಿ. ಕೇರಳದ ಸಮರಕಲೆ ಕಳರಿಪಯಟ್ಟಿನಲ್ಲಿ ಶುರುವಿನಿಂದಲೇ ಕಾಲೆತ್ತುವ ಅಭ್ಯಾಸ ಮಾಡಿಸುವುದನ್ನು ನೋಡಿದವರಿಗೆ ಇದೇನೂ ಹೊಸದಲ್ಲ. ಅಲ್ಲಿ ತಮ್ಮ ಕಾಲನ್ನು ತಾವೇ ಎತ್ತಿ, ಇಳಿಸಿ, ಮತ್ತೆ ಎತ್ತಿ ಮೈ ಹದ ಮಾಡಿಕೊಳ್ಳುತ್ತಾರೆ.

ಒಂದೂವರೆ ತಿಂಗಳ ಹೊತ್ತಿಗೆ ಬೆಂಚಿನ ನೋವು ಬಹಳ ಇಳಿಯಿತು. ಬಲಗಾಲು ತಾನಾಗಿ 80 ದಾಟಿತು. ಕಿಕ್ ಮಾತ್ರ ಆಗಲೂ ಅಷ್ಟಕ್ಕಷ್ಟೇ. ಮಿಸ್ ಮುಖ ಸಣ್ಣದಾಗಿತ್ತು. ಬಲ ಬಂದಿದೆ, ಆದರೆ ಒದೆಯುವಾಗ ಹಳೇ ಅಭ್ಯಾಸವೇ ಎದ್ದು ಬರುತ್ತೆ, ಹಿಮ್ಮಡಿ ಅರ್ಧಕ್ಕೇ ನಿಲ್ಲುತ್ತೆ. ಅಲ್ಲಿಂದ ಸುಣ್ಣದ ಗೆರೆಯ ಮೇಲೆ ಹೆಚ್ಚು ಸಮಯ ಕೊಟ್ಟೆವು. ಕಿಕ್ ಇಲ್ಲ, ಬರೀ ಮಂಡಿ ಎತ್ತಿ ಹಿಮ್ಮಡಿ ತಿರುಗಿಸೋದು. ಹಿಮ್ಮಡಿಯನ್ನು ಒಂಚೂರು ನೆಲದಿಂದ ಬಿಡಿಸಿ ಪಾದದ ಮುಂಭಾಗದ ಮೇಲೆ ತಿರುಗಬೇಕು, ಇಲ್ಲದಿದ್ದರೆ ಬರಿಗಾಲು ಮ್ಯಾಟಿಗೆ ಕಚ್ಚಿಕೊಂಡು ಮಂಡಿ ತಿರುಚುತ್ತೆ. ಮಂಡಿಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಮಧ್ಯದಲ್ಲಿ ಎಸ್ಎಸ್ಎಲ್‌ಸಿ ಪರೀಕ್ಷೆ, ಮೌಲ್ಯಮಾಪನ ಬಂದು ಕೆಲವು ವಾರ ಅವರು ಬರಲೇ ಇಲ್ಲ. ವಾಪಸ್ ಬಂದ ದಿನ ಉತ್ಸಾಹದಲ್ಲಿ ಸ್ಕಿಪ್ಪಿಂಗ್ ಬಿಟ್ಟು ನೇರ ಜೋರಾಗಿ ಕಾಲು ಬೀಸಿದರು. ಬಲ ತೊಡೆಯ ಹಿಂದೆ, ಮಧ್ಯಭಾಗದಲ್ಲಿ, ಸಣ್ಣದಾಗಿ ಎಳೆದುಕೊಂಡಿತು. ದೊಡ್ಡ ಪೆಟ್ಟಲ್ಲ, ಆದರೂ ಹದಿನೈದು ದಿನ ಎತ್ತರದ ಕಿಕ್ ಬಿಟ್ಟು ಮಲಗಿ ಸೊಂಟ ಎತ್ತುವ ಅಭ್ಯಾಸದಿಂದ ಮತ್ತೆ ಶುರು ಮಾಡಬೇಕಾಯಿತು.

ಆರು ತಿಂಗಳ ಹೊತ್ತಿಗೆ ಅಳೆದಾಗ ಹೀಗಿತ್ತು. ಬಲಗಾಲು ತಾನಾಗಿ 95, ಎಡಗಾಲು 85. ಎದೆಮಟ್ಟದಿಂದ ಕೈ ಬಿಟ್ಟರೆ ಬಲಗಾಲು ಸ್ವಲ್ಪ ಇಳಿದು ಸೊಂಟಕ್ಕಿಂತ ಮೇಲೆಯೇ ನಿಂತು, ಮೂರು ಎಣಿಸುವವರೆಗೆ ಅಲ್ಲೇ ಇತ್ತು. ಬಲ ಡೋಲ್ಯೊ ಚಾಗಿ ಅವರಷ್ಟೇ ಎತ್ತರದವರ ಹೆಲ್ಮೆಟ್‌ಗೆ ಮುಟ್ಟುತ್ತಿತ್ತು, ಸ್ಪಾರಿಂಗ್‌ನಲ್ಲೂ. ಇದಕ್ಕಿಂತ ಮುಖ್ಯವಾದದ್ದು ನಾನು ಎತ್ತಿದಾಗ ಬಂದ ಅಳತೆ. ಆಗ 110 ಇತ್ತು, ಈಗಲೂ 110. ಅಷ್ಟು ತಿಂಗಳು ಒಂದೇ ಒಂದು ದೀರ್ಘ ಸ್ಟ್ರೆಚ್ ಇಲ್ಲದೆ ಬಾಗುವಿಕೆ ಎಲ್ಲೂ ಹೋಗಲಿಲ್ಲ, ಜಾಸ್ತಿಯೂ ಆಗಲಿಲ್ಲ. ಕಿಕ್ ಮಾತ್ರ ಸೊಂಟದಿಂದ ತಲೆಗೆ ಏರಿತು.

ಎಡಗಾಲು ಎದೆಮಟ್ಟಕ್ಕೆ ಬಂದು ನಿಂತಿದೆ. ಒಳತಿರುಗುವಿಕೆ 15ರಿಂದ 20 ಆಗಿದ್ದೇ ಹೆಚ್ಚು, ಇನ್ನೂ ತಳ್ಳಿದರೆ ತೊಡೆಸಂದಿಯ ಮುಂದೆ ಚುಚ್ಚಿದ ಹಾಗೆ ಆಗುತ್ತೆ. ಎಳೆತದ ನೋವು ಸ್ನಾಯುವಿನ ಉದ್ದಕ್ಕೂ ಹರಡಿರುತ್ತೆ, ಚುಚ್ಚುವ ನೋವು ಕೀಲಿನ ಒಳಗೆ ಒಂದೇ ಜಾಗದಲ್ಲಿರುತ್ತೆ. ಈ ಎರಡನೆಯದನ್ನು ಸ್ಟ್ರೆಚ್ ಮಾಡಿ ಗೆಲ್ಲೋಕೆ ಹೋಗಬಾರದು. ಕೆಲವರಿಗೆ ತೊಡೆಮೂಳೆಯ ತಲೆ ಅಥವಾ ಅದು ಕೂರುವ ಗುಳಿಯ ಅಂಚೇ ಹಾಗಿರುತ್ತೆ, ಮೂಳೆಗೆ ಮೂಳೆ ತಾಗುತ್ತೆ. ಮಿಸ್ ಎಡಗಾಲಿನಲ್ಲಿ ತಲೆಗೆ ಒದೆಯುವ ಆಸೆ ಸದ್ಯಕ್ಕೆ ಬಿಟ್ಟಿದ್ದಾರೆ. ಎಡದಿಂದ ಎದೆಗೆ, ಬಲದಿಂದ ತಲೆಗೆ, ಅಂತ ಆಟವನ್ನೇ ಹಾಗೆ ಕಟ್ಟಿಕೊಂಡಿದ್ದಾರೆ. ನನ್ನ ಪ್ರಕಾರ ಅದು ಸರಿಯಾದ ತೀರ್ಮಾನ.

ಇದನ್ನು ಓದಿ ಎಲ್ಲರೂ ಸ್ಟ್ರೆಚ್ ಬಿಟ್ಟುಬಿಡಬೇಡಿ. ಮೊದಲು ಅಳೆಯಿರಿ. ಬೇರೆಯವರು ಎತ್ತಿದರೂ 70, ನೀವೇ ಎತ್ತಿದರೂ 65 ಅನ್ನುವವರಿಗೆ ಜಾಗವೇ ಇಲ್ಲ, ಅವರಿಗೆ ಎಳೆತ ಬೇಕೇ ಬೇಕು. ಅಂಥವರಿಗೆ ನಾನು ಮಾಡಿಸೋದು ಒತ್ತಿ ಬಿಡುವ ವಿಧಾನ: ಕಾಲು ಎಳೆತಕ್ಕೆ ಬಂದ ಜಾಗದಲ್ಲಿ ಜೊತೆಗಾರರ ಕೈಗೆ ಅರ್ಧ ಬಲದಲ್ಲಿ 6ರಿಂದ 10 ಸೆಕೆಂಡ್ ಒತ್ತಿ, ಸಡಿಲ ಬಿಟ್ಟು, ಉಸಿರು ಬಿಡುತ್ತಾ ತಾವೇ ಕಾಲನ್ನು ಇನ್ನಷ್ಟು ಮುಂದಕ್ಕೆ ತರೋದು. ಎತ್ತಿದಾಗ ಮಂಡಿಯ ಹಿಂದೆ ಜುಮ್ಮೆನ್ನುವ ಎಳೆತ ಬಂದು, ಪಾದ ಸಡಿಲ ಬಿಟ್ಟ ತಕ್ಷಣ ಅದು ಕಡಿಮೆ ಆದರೆ ಅದರಲ್ಲಿ ಸೊಂಟದಿಂದ ಕಾಲಿನ ಹಿಂದೆ ಇಳಿಯುವ ಸಯಾಟಿಕ್ ನರದ ಪಾಲಿರುವ ಸಾಧ್ಯತೆ ಇದೆ. ಅಲ್ಲಿ ಬಲವಂತ ಬೇಡ.

ಮಿಸ್ ಈಗ ವಾರಕ್ಕೆ ಎರಡು ದಿನ ಮಾತ್ರ ಲೋಟ, ಸರಳು, ರಾಡ್ ಮಾಡುತ್ತಾರೆ. ಹನುಮಾನಾಸನ ಮತ್ತೆ ಶುರು ಮಾಡಬಹುದಾ ಅಂತ ಹೋದ ತಿಂಗಳು ಕೇಳಿದರು. ಬೆಂಚಿನ ಮೇಲೆ ಒಂದು ಗಂಟೆ ನೋವಿಲ್ಲದೆ ಕೂರೋಕೆ ಆಗುತ್ತಿದೆ, ಹಾಗಾಗಿ ಕ್ಲಾಸ್ ಮುಗಿದ ಮೇಲೆ, ಅರ್ಧದಷ್ಟು ಆಳಕ್ಕೆ, ಎರಡೂ ಕೈ ಇಟ್ಟಿಗೆ ಮೇಲೆ ಊರಿ ಮಾಡಿ ಅಂದಿದ್ದೇನೆ. ಮುಂದಿನ ಅಳತೆ ಬೆಲ್ಟ್ ಪರೀಕ್ಷೆ ಮುಗಿದ ಮೇಲೆ.